ಹಳೆಯ ಕೋವಿಗೆ ಹೊಸ ತೋಟಾ



ಕೆಲವು ವರ್ಷಗಳ ಕೆಳಗೆ ನಾನು ಕೊಡಗಿನಲ್ಲಿರುವ ಸ್ನೇಹಿತರೊಬ್ಬರ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆಂದು ಹೋಗಿದ್ದೆ. ಕೋವಿ ಕತ್ತಿಗಳಿಗೆ ಹೂವು ಮುಡಿಸಿ ಪೂಜೆ ಮಾಡುವುದೂ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಸುವುದೂ ಆ ಹಬ್ಬದ ಕ್ರಮವೆಂಬುದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಸ್ನೇಹಿತರ ಮನೆಯಲ್ಲಿ ಅವರ ತಾತನ ಕಾಲದ ಜೋಡುನಳಿಗೆಯ ಕೋವಿಯೊಂದಿತ್ತು. ಕಬ್ಬಿಣದ ಪಟ್ಟಿಗಳನ್ನು ಹುರಿಮಾಡಿ ಬೆಸೆದ ಅದರ ನಳಿಗೆಗಳ ಮೇಲೆ ನೀರಿನ ಅಲೆಯಂತಹ ಚಿತ್ತಾರ. ನೋಡಲು ಬಹು ಸುಂದರ. ನನ್ನ ಶಿಷ್ಯನೇ ಆಗಿದ್ದ ಅವರ ಮಗ ಪಂದ್ಯಕ್ಕಾಗಿ ಹೊಸ ತೋಟಾಗಳ ಪೆಟ್ಟಿಗೆಯೊಂದನ್ನು ತಂದಿದ್ದ. ಕೋವಿಯನ್ನು ಶುಚಿಮಾಡಲು ಬಂದಿದ್ದ ಮುದುಕ ಮೇಸ್ತ್ರಿ ಆ ಪೆಟ್ಟಿಗೆಯನ್ನು ಕಂಡು, ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಕೆಳಗಿಟ್ಟನು.

“ಏಕೆ ಮೇಸ್ತ್ರಿ, ತೋಟಾ ಸರಿಯಾಗಿಯೇ ಕೂರುತ್ತದಲ್ಲ?” ಎಂದರು ನನ್ನ ಸ್ನೇಹಿತರು.

“ಕೂರುತ್ತದೆ ಸ್ವಾಮೀ. ಆದರೆ ಕೂರುವುದು ಬೇರೆ, ತಡೆಯುವುದು ಬೇರೆ” ಎಂದನು ಆತ.

ಆ ನಳಿಗೆ ಕರಿಮದ್ದಿನ ಕಾಲದ್ದು. ಕರಿಮದ್ದು ಥಟ್ಟನೆ ಉರಿದು ಮುಗಿಯುತ್ತದೆ. ಅದರ ಒತ್ತಡವೆಲ್ಲ ಬುಡದಲ್ಲಿ, ಎಂದರೆ ಲೋಹ ದಪ್ಪವಾಗಿರುವೆಡೆಯಲ್ಲಿ. ಹೊಗೆಯಿಲ್ಲದ ಹೊಸ ಮದ್ದಾದರೋ ನಿಧಾನವಾಗಿ ಉರಿಯುತ್ತ, ಲೋಹ ತೆಳುವಾಗಿರುವ ಮುಂಭಾಗದಲ್ಲಿಯೂ ಒತ್ತಡವನ್ನು ಉಳಿಸಿಕೊಂಡಿರುತ್ತದೆ. ನಳಿಗೆಯನ್ನು ಹಿಡಿದ ಎಡಗೈ ಇರುವುದು ಅಲ್ಲಿಯೇ ಅಷ್ಟೆ. ಮೇಸ್ತ್ರಿ ಭೌತಶಾಸ್ತ್ರವನ್ನು ಓದಿದವನಲ್ಲ. ಆ ಶಾಸ್ತ್ರವನ್ನು ಇಪ್ಪತ್ತು ವರ್ಷ ಬೋಧಿಸಿದ ನಾನು ಆ ಪೆಟ್ಟಿಗೆಯನ್ನು ನೋಡಿಯೂ ಸುಮ್ಮನಿದ್ದೆ. ಆ ನಾಚಿಕೆಯೇ ಈ ಹೊತ್ತಿನ ನನ್ನ ಭಾಷಣಕ್ಕೆ ಮೂಲವೆಂದು ಒಪ್ಪಿಕೊಳ್ಳುತ್ತೇನೆ.

ಒಂದು ತೋಟಾಕ್ಕಾಗಿ ಹುಟ್ಟಿದ ರೈಫಲನ್ನು ಇನ್ನೊಂದು ತೋಟಾಕ್ಕೆ ಒಗ್ಗಿಸಬೇಕಾದರೆ ಯಾವ ಭಾಗವನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬಿಡಬೇಕು? ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ಸರ್ಕಾರಗಳೂ ಎದುರಿಸಿವೆ. ಲಕ್ಷಗಟ್ಟಲೆ ಕೋವಿಗಳನ್ನು ಒಮ್ಮೆಗೇ ಎಸೆದುಬಿಡುವಷ್ಟು ಐಶ್ವರ್ಯ ಯಾವ ಬೊಕ್ಕಸಕ್ಕೂ ಇಲ್ಲ. ಆದಕಾರಣ ಇದು ಮಿತವ್ಯಯಕ್ಕೂ ಪ್ರಾಣರಕ್ಷಣೆಗೂ ನಡುವಣ ವ್ಯಾಜ್ಯ.

ಮೊದಲನೆಯ ಉದಾಹರಣೆ ೧೮೬೬ರದು. ಇಂಗ್ಲೆಂಡಿನ ಸೇನೆಯಲ್ಲಿ ಆಗ ಇದ್ದುದು ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲು. ಬಾಯಿಂದ ಮದ್ದು ತುಂಬುವಂತಹದು. ಅದರ ಕಾಗದದ ತೋಟಾಕ್ಕೆ ಬಳಿದ ಕೊಬ್ಬಿನ ವದಂತಿ ೧೮೫೭ರಲ್ಲಿ ನಮ್ಮ ದೇಶದಲ್ಲಿ ಏನು ಮಾಡಿತೆಂಬುದನ್ನು ನಾನು ಹೇಳಬೇಕಾಗಿಲ್ಲ. ಯೂರೋಪಿನ ಸೇನೆಗಳು ಹಿಂದಿನಿಂದ ತುಂಬುವ ಕೋವಿಗಳಿಗೆ ತಿರುಗಿದಾಗ, ಜೇಕಬ್ ಸ್ನೈಡರ್ ಎಂಬ ಅಮೆರಿಕದವನು ಹಳೆಯ ಎನ್‌ಫೀಲ್ಡನ್ನೇ ಮಾರ್ಪಡಿಸುವ ಉಪಾಯವನ್ನು ಸೂಚಿಸಿದನು. ನಳಿಗೆಯ ಹಿಂತುದಿಯಲ್ಲಿ ಎರಡೂವರೆ ಅಂಗುಲದಷ್ಟನ್ನು ಕತ್ತರಿಸಿ, ಆ ಸ್ಥಳದಲ್ಲಿ ಪಕ್ಕಕ್ಕೆ ಮಗುಚುವ ಬಾಗಿಲುಳ್ಳ ಹೊಸ ಮನೆಯನ್ನು ತಿರುಪಿನಿಂದ ಕೂಡಿಸಿದರು. ನಳಿಗೆ, ಮರ, ಕುದುರೆ ಎಲ್ಲವೂ ಹಳೆಯವೇ. ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ ಸಿಪಾಯಿ ಹತ್ತನ್ನು ಹಾರಿಸತೊಡಗಿದನು.

ಇದು ನಡೆದುದೇಕೆ? ಹೊಸ ತೋಟಾದಲ್ಲಿದ್ದುದೂ ಅದೇ ಕರಿಮದ್ದು, ಗುಂಡೂ ಹೆಚ್ಚುಕಡಿಮೆ ಅದೇ ಅಳತೆಯದು. ನಳಿಗೆಯ ಮೇಲೆ ಬೀಳುವ ಭಾರ ಹೆಚ್ಚಲಿಲ್ಲ. ಆದರೂ ಬರಿಯ ಕೋವಿಯ ಮಾರ್ಪಾಟು ಸಾಲಲಿಲ್ಲ. ವುಲಿಚ್ಚಿನ ಕರ್ನಲ್ ಬಾಕ್ಸರನು ತೆಳುವಾದ ಹಿತ್ತಾಳೆಯ ಸುರುಳಿಯಿಂದ ತೋಟಾವನ್ನು ರಚಿಸಿದ ಮೇಲೆಯೇ, ಅದು ಸಿಡಿದಾಗ ಹಿಗ್ಗಿ ಸಂದುಗಳನ್ನು ಮುಚ್ಚಿಕೊಂಡು, ಸ್ನೈಡರನ ಯಂತ್ರ ನಂಬಿಕೆಗೆ ಅರ್ಹವಾಯಿತು. ಪಾಪ, ಸ್ನೈಡರನು ತನಗೆ ಬರಬೇಕಾದ ಹಣದ ವಿವಾದ ಮುಗಿಯುವ ಮೊದಲೇ, ಅದೇ ೧೮೬೬ರಲ್ಲಿ ಕಾಲವಾದನು.

ಎರಡನೆಯ ಉದಾಹರಣೆಯಲ್ಲಿ ವಿನೋದವೂ ಎಚ್ಚರಿಕೆಯೂ ಬೆರೆತಿವೆ. ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆಯುವ ತೋಟಾ ೧೮೮೮ರಲ್ಲಿ ಲೀ-ಮೆಟ್‌ಫರ್ಡ್ ರೈಫಲಿನೊಡನೆ ಬಂದಿತು. ಆಗ ಅದರೊಳಗಿದ್ದುದು ಒತ್ತಿದ ಕರಿಮದ್ದು. ಕರಿಮದ್ದಿನ ಮಸಿ ಅಂಟದಿರಲೆಂದು ನಳಿಗೆಯೊಳಗಿನ ಏಳು ಗೀರುಗಳನ್ನು ಆಳವಿಲ್ಲದೆ, ಅಂಚು ದುಂಡಾಗಿ ಕೊರೆದಿದ್ದರು. ಕೆಲವೇ ವರ್ಷಗಳಲ್ಲಿ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂದಿತು. ತೋಟಾದ ಆಕಾರ ಅದೇ. ಕೋವಿಯ ಯಾವ ಭಾಗವನ್ನೂ ಬದಲಿಸಬೇಕಾಗಿಲ್ಲವೆಂದು ತೋರುತ್ತಿತ್ತು. ಆದರೆ ಕಾರ್ಡೈಟಿನ ಉರಿ ಬಹಳ ತೀಕ್ಷ್ಣ. ಆ ಮೃದುವಾದ ಗೀರುಗಳು ಬೇಗನೆ ಸವೆದುಹೋದುವು. ೧೮೯೫ರಲ್ಲಿ ಅಂಚು ಚೌಕವಾಗಿ, ಆಳವಾಗಿ ಕೊರೆದ ಐದು ಗೀರುಗಳ ಎನ್‌ಫೀಲ್ಡ್ ನಳಿಗೆಯನ್ನು ತರಬೇಕಾಯಿತು. ಹೊರಗಿನ ಅಳತೆ ಒಂದೇ ಎಂದಮಾತ್ರಕ್ಕೆ ತೋಟಾ ಒಂದೇ ಅಲ್ಲ ಎಂಬುದು ಇಲ್ಲಿನ ಪಾಠ.

ಮೂರನೆಯದು ನಮ್ಮ ದೇಶದ್ದೇ. ಬಂಗಾಳದ ಹೂಗ್ಲಿ ನದಿಯ ದಡದಲ್ಲಿರುವ ಇಚ್ಛಾಪುರದ ರೈಫಲ್ ಕಾರ್ಖಾನೆ ತ್ರೀ ನಾಟ್ ತ್ರೀ ಕೋವಿಗಳನ್ನು ಬಹುಕಾಲ ತಯಾರಿಸುತ್ತಿತ್ತು. ೧೯೬೨ರ ಚೀನಾ ಯುದ್ಧದ ಬಳಿಕ, ಅದೇ ಲೀ ಯಂತ್ರದ ಕೋವಿಯನ್ನು ೭.೬೨ ಮಿಲಿಮೀಟರಿನ ಹೊಸ ತೋಟಾಕ್ಕೆ ಒಗ್ಗಿಸುವ ಕೆಲಸಕ್ಕೆ ಅಲ್ಲಿನ ತಜ್ಞರು ತೊಡಗಿದರು. ಅವರು ಒಂದೊಂದು ಭಾಗವನ್ನು ಹೇಗೆ ತೂಗಿ ನೋಡಬೇಕಾಯಿತೆಂಬುದನ್ನು ತಾವೂ ಸ್ವಲ್ಪ ಯೋಚಿಸಬೇಕು.

ಮೊದಲು ನಳಿಗೆ. ಹೆಸರಿನಲ್ಲಿ ೭.೬೨ ಮಿಲಿಮೀಟರು ಎಂದರೂ ೦.೩೦೩ ಅಂಗುಲ ಎಂದರೂ ಹೆಚ್ಚಿನ ಭೇದ ಕಾಣದು. ಆದರೆ ನಿಜವಾದ ಗುಂಡುಗಳ ವ್ಯಾಸ ಒಂದರದು ಸುಮಾರು ೦.೩೦೮ ಅಂಗುಲ, ಇನ್ನೊಂದರದು ಸುಮಾರು ೦.೩೧೧. ಹಳೆಯ ನಳಿಗೆಯಲ್ಲಿ ಹೊಸ ಗುಂಡು ಗೀರುಗಳನ್ನು ಸರಿಯಾಗಿ ಹಿಡಿಯದೆ ಗುರಿತಪ್ಪಿ ಹೋಗುವುದು. ಆದ್ದರಿಂದ ನಳಿಗೆ ಹೊಸದಾಗಲೇಬೇಕು.

ಎರಡನೆಯದು ತೋಟಾ ಕೂರುವ ಬಗೆ. ಹಳೆಯ ತೋಟಾದ ಬುಡದಲ್ಲಿ ಹೊರಚಾಚಿದ ಅಂಚೊಂದುಂಟು. ಅದೇ ಅದನ್ನು ಸ್ಥಳದಲ್ಲಿ ನಿಲ್ಲಿಸುವುದು. ಹೊಸದಕ್ಕೆ ಅಂತಹ ಅಂಚಿಲ್ಲ, ಒಂದು ಕಚ್ಚು ಮಾತ್ರ ಉಂಟು. ಅದು ನಿಲ್ಲುವುದು ತನ್ನ ಹೆಗಲಿನ ಆಸರೆಯಿಂದ. ಆದ್ದರಿಂದ ಸಿಡಿದ ತೋಟಾವನ್ನು ಹೊರಗೆಳೆಯುವ ಕೊಕ್ಕೆಯನ್ನು ಬೇರೆಯಾಗಿ ರೂಪಿಸಬೇಕಾಯಿತು. ಐವತ್ತಾರು ಮಿಲಿಮೀಟರು ಉದ್ದದ ಗೂಡಿಗೆ ಬದಲಾಗಿ ಐವತ್ತೊಂದು ಮಿಲಿಮೀಟರಿನದು ಬಂದುದರಿಂದ, ತೋಟಾಗಳನ್ನು ತುಂಬಿಡುವ ಪೆಟ್ಟಿಗೆಯನ್ನೂ ಹೊಸದಾಗಿ ಮಾಡಿದರು. ಇಚ್ಛಾಪುರದ ಕೋವಿಯ ಹೊಟ್ಟೆಯಲ್ಲಿ ಚೌಕನಾಗಿ ಕಾಣುವ ಪೆಟ್ಟಿಗೆ ಅದೇ.

ಮೂರನೆಯದೂ ಮುಖ್ಯವಾದುದೂ, ಒತ್ತಡವನ್ನು ತಡೆಯುವ ಉಕ್ಕು. ಇಂದಿನ ಯೂರೋಪಿನ ಪ್ರಮಾಣದಂತೆ ಹಳೆಯ ತೋಟಾದ ಒತ್ತಡದ ಮೇರೆ ಚದರ ಸೆಂಟಿಮೀಟರಿಗೆ ಸುಮಾರು ೩,೭೦೦ ಕಿಲೋಗ್ರಾಮು. ಹೊಸ ತೋಟಾಕ್ಕೆ ಅದು ಸುಮಾರು ೪,೨೦೦. ಲೀ ಯಂತ್ರದಲ್ಲಿ ಬೋಲ್ಟನ್ನು ಹಿಡಿದು ನಿಲ್ಲಿಸುವ ಕಿವಿಗಳು ಹಿಂಭಾಗದಲ್ಲಿವೆ. ಸಿಡಿದಾಗಲೆಲ್ಲ ಬೋಲ್ಟೂ ಅದರ ಮನೆಯೂ ಕಿಂಚಿತ್ತು ಜಗ್ಗುತ್ತವೆ. ಆದುದರಿಂದ ಇಚ್ಛಾಪುರದವರು ಹಳೆಯ ಕೋವಿಗಳನ್ನೇ ಕೊರೆದು ತಿದ್ದುವ ಅಗ್ಗದ ದಾರಿಯನ್ನು ಹಿಡಿಯದೆ, ಮೇಲ್ತರದ ಉಕ್ಕಿನಿಂದ, ಉತ್ತಮವಾದ ಹದಗೊಳಿಸಿಕೆಯಿಂದ ಹೊಸ ಮೈಯನ್ನೇ ಮಾಡಿದರು. ಉಳಿಸಿಕೊಂಡುದು ಆಕಾರವನ್ನು, ಸಿಪಾಯಿಗಳ ಕೈಯ ರೂಢಿಯನ್ನು, ಕಾರ್ಖಾನೆಯ ಯಂತ್ರಸಾಮಗ್ರಿಯನ್ನು, ಲೋಹವನ್ನಲ್ಲ. ಇದರಲ್ಲಿ ನನಗೆ ದೊಡ್ಡ ವಿವೇಕ ಕಾಣುತ್ತದೆ.

ಕೊನೆಯದು ಗುರಿಯ ಹಲ್ಲೆ. ಮೊದಲು ಎರಡು ಸಾವಿರದವರೆಗೆ ಗುರುತಿದ್ದ ಹಲ್ಲೆಯನ್ನು ೧೯೬೫ರಲ್ಲಿ ತೆಗೆದು, ಎಂಟುನೂರು ಮೀಟರಿನದನ್ನು ಹಾಕಿದರು. ಹೀಗೆ ‘ಎರಡು ಎ’ ಎಂಬ ಮಾದರಿ ‘ಎರಡು ಎ ಒಂದು’ ಆಯಿತು.

ಭಾಗಗಳ ಆಯ್ಕೆಯನ್ನು ಕಾನೂನೂ ನಿರ್ಣಯಿಸುವುದುಂಟು. ಸೇನೆಯ ತೋಟಾ ಖಾಸಗಿ ಜನರ ಕೋವಿಗೆ ಹಿಡಿಸಬಾರದೆಂದು ಬ್ರಿಟಿಷ್ ಸರ್ಕಾರ ಹಿಂದೂಸ್ಥಾನದಲ್ಲಿ ಕಟ್ಟುಮಾಡಿತು. ಆಗ ಅದೇ ಲೀ ಯಂತ್ರಕ್ಕೆ ಆಸ್ಟ್ರಿಯಾದ ಎಂಟು ಮಿಲಿಮೀಟರಿನ ಮಾನ್‌ಲಿಖರ್ ತೋಟಾವನ್ನು ಆಧರಿಸಿದ ೦.೩೧೫ ಅಂಗುಲದ ತೋಟಾವನ್ನು ಹೊಂದಿಸಿದರು. ಅಂಚುಳ್ಳ, ಸಾಧುವಾದ ತೋಟಾ ಅದು. ಲೀ ಯಂತ್ರಕ್ಕೆ ಹೇಳಿಮಾಡಿಸಿದಂತೆ ಒಪ್ಪಿತು. ೧೯೫೯ರ ಶಸ್ತ್ರ ಕಾಯಿದೆಯ ಪ್ರಕಾರ ಕೋವಿಯನ್ನು ಮಾರ್ಪಡಿಸುವುದೂ, ದುರಸ್ತಿ ಮಾಡುವುದೂ, ಪರೀಕ್ಷಿಸುವುದೂ ಪರವಾನಗಿ ಪಡೆದವರ ಕೆಲಸ. ಬರಿಯ ಶಾಂತಿರಕ್ಷಣೆಯ ಕಟ್ಟಳೆ ಎಂದು ಕಾಣುವ ಇದು, ಹವ್ಯಾಸಿಯ ಕಣ್ಣು ಕೈಗಳನ್ನೂ ಕಾಯುತ್ತದೆ.

ಇಷ್ಟನ್ನೂ ಒಂದೆಡೆ ಕೂಡಿಸಿ ನೋಡಿದರೆ ತತ್ವ ಸರಳವಾಗಿದೆ. ದಾರಿ ತೋರಿಸುವ ಭಾಗ, ಹಿಡಿದು ಎಳೆಯುವ ಭಾಗ, ಗುರಿ ಹೇಳುವ ಭಾಗ ಇವು ತೋಟಾವನ್ನು ನೋಡಿ ಬದಲಾಗಬೇಕು. ತಡೆಯುವ ಭಾಗ ಮಾತ್ರ ತೋಟಾಕ್ಕಿಂತ ಮೊದಲೇ ಬಲವಾಗಿರಬೇಕು. ಅದು ಬಲಹೀನವಾಗಿದ್ದರೆ ತೋಟಾವನ್ನೇ ಬಿಡಬೇಕಲ್ಲದೆ ಬೇರೆ ಉಪಾಯವಿಲ್ಲ.

ಕೊಡಗಿನ ಆ ದಿನ ಹುಡುಗನಿಗೆ ಬಹಳ ಬೇಸರವಾಯಿತು. ತಾತನ ಕೋವಿಯಿಂದಲೇ ಕಾಯಿ ಒಡೆಯಬೇಕೆಂಬುದು ಅವನ ಆಸೆ. ಮೇಸ್ತ್ರಿ ಮಾತ್ರ ಜಗ್ಗಲಿಲ್ಲ. ಆ ದಿನದ ಕೂಲಿಯನ್ನೂ ತೆಗೆದುಕೊಳ್ಳದೆ ಎದ್ದು ನಿಂತನು. ಕಡೆಗೆ ಆ ಕೋವಿಗೆ ಹೂವು ಗಂಧಗಳು ಸಂದುವು, ಗುಂಡು ಸಲ್ಲಲಿಲ್ಲ. ಹುಡುಗ ನೆರೆಮನೆಯವರ ಹೊಸ ಕೋವಿಯಿಂದ ಗುರಿಯಿಟ್ಟನು. ಕಾಯಿ ಅಲ್ಲಾಡಲೂ ಇಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕನು. ಆ ನಗುವಿನಲ್ಲಿ ತನ್ನ ಎರಡು ಕೈಗಳನ್ನೂ ತಟ್ಟುತ್ತಿದ್ದುದನ್ನು ನಾನು ಕಂಡೆ, ಮೇಸ್ತ್ರಿಯೂ ಕಂಡನು.