ಹಲ್ಲು ನೋಯುವ ಮುನ್ನ

ಹಲ್ಲುನೋವು ಕಾಡಿದ ರಾತ್ರಿ ನಾವು ಮಾಡುವುದೇನು? ಒಂದು ಲವಂಗವನ್ನು ಕಚ್ಚಿ ಹಿಡಿಯುತ್ತೇವೆ, ಇಲ್ಲವೇ ಮನೆಯಲ್ಲಿರುವ ನೋವಿನ ಮಾತ್ರೆಯೊಂದನ್ನು ನುಂಗುತ್ತೇವೆ. ಕೆಲವು ದಿನಗಳಲ್ಲಿ ನೋವು ತಾನಾಗಿ ನಿಂತರೆ, ರೋಗವೂ ಹೋಯಿತೆಂದು ನೆಮ್ಮದಿಯಿಂದ ಇದ್ದುಬಿಡುತ್ತೇವೆ. ಆದರೆ ಓದುಗರೇ, ಅನೇಕ ವೇಳೆ ಹಲ್ಲಿನೊಳಗಿನ ನರವೇ ಸತ್ತುಹೋಗಿರುವುದರಿಂದ ನೋವು ನಿಂತಿರುತ್ತದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತಿರುತ್ತದೆ. ಬಾಯಿಯ ರೋಗಗಳಲ್ಲಿ ನೋವು ತಡವಾಗಿ ಬರುವ ದೂತ. ಅದನ್ನೇ ನಂಬಿ ಕಾಯುವುದು ಸರಿಯಲ್ಲ ಎಂಬುದೇ ಈ ಮಾತುಗಳ ಸಾರಾಂಶ.

ನೋವು ಏಕೆ ತಡವಾಗಿ ಬರುತ್ತದೆ? ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಆದರೆ ಅದರಲ್ಲಿ ನರಗಳಿಲ್ಲ. ನಾವು ತಿಂದ ಸಿಹಿಯನ್ನು ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಎನಾಮಲ್ಲನ್ನು ಕರಗಿಸುತ್ತಿರುವಾಗ ನಮಗೆ ಏನೂ ತಿಳಿಯುವುದಿಲ್ಲ. ಸುಣ್ಣ ಬಳಿದಂತಹ ಒಂದು ಬಿಳಿ ಮಚ್ಚೆಯಷ್ಟೇ ಕಾಣುತ್ತದೆ. ಈ ಹಂತದಲ್ಲಿ ಪತ್ತೆಯಾದರೆ ಫ್ಲೋರೈಡ್ ಲೇಪನ ಹಾಗೂ ಸರಿಯಾದ ಶುಚಿತ್ವದಿಂದಲೇ ಹುಳುಕನ್ನು ತಡೆಯಬಹುದು. ಹುಳುಕು ಒಳಪದರವನ್ನು ಮುಟ್ಟಿದರೆ ಹಲ್ಲು ತುಂಬಿಸಬೇಕಾಗುತ್ತದೆ. ತಿರುಳನ್ನು ತಲುಪಿದರೆ ಬೇರುನಾಳದ ಚಿಕಿತ್ಸೆ ಮಾಡಬೇಕು ಅಥವಾ ಹಲ್ಲನ್ನೇ ಕೀಳಬೇಕು. ತಡವಾದಷ್ಟೂ ಚಿಕಿತ್ಸೆ ದೊಡ್ಡದು, ಖರ್ಚೂ ದೊಡ್ಡದು.

ವಸಡಿನ ರೋಗವಂತೂ ಇನ್ನೂ ಮೌನಿ. ಹಲ್ಲುಜ್ಜುವಾಗ ರಕ್ತ ಕಾಣಿಸಿದರೆ, ಬ್ರಷ್ ಒರಟಾಗಿದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ವೈದ್ಯರು ಸಣ್ಣ ಅಳತೆಗಡ್ಡಿಯಿಂದ ಹಲ್ಲು ಮತ್ತು ವಸಡಿನ ನಡುವಿನ ಸಂದಿಯ ಆಳವನ್ನು ನೋಡುತ್ತಾರೆ. ಆರೋಗ್ಯವಂತ ವಸಡಿನಲ್ಲಿ ಇದು 1ರಿಂದ 3 ಮಿಲಿಮೀಟರ್. ಅದಕ್ಕಿಂತ ಹೆಚ್ಚಾಗುತ್ತಿದ್ದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಿರಬಹುದು. ಸಕ್ಕರೆ ಕಾಯಿಲೆ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ರಕ್ತದ ಸಕ್ಕರೆಯ ಹತೋಟಿಯನ್ನು ಕಷ್ಟವಾಗಿಸುತ್ತದೆ.

ಹಲ್ಲು ಶುಚಿ ಮಾಡಿಸಿದರೆ ಅವು ಸಡಿಲವಾಗುತ್ತವೆ ಎಂಬ ಹೆದರಿಕೆ ನಮ್ಮಲ್ಲಿ ಅನೇಕರಿಗಿದೆ. ಇದು ತಪ್ಪು ತಿಳಿವಳಿಕೆ. ಗಾರೆಯಂತೆ ಗಟ್ಟಿಯಾದ ಪಾಚಿ ಹಲ್ಲುಗಳ ಸಂದಿಯನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ತೆಗೆದಾಗ, ರೋಗ ಮೊದಲೇ ಮಾಡಿದ್ದ ಹಾನಿ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಸಮಗ್ರ ತಪಾಸಣೆ ಎಂದರೆ ನೋಯುವ ಹಲ್ಲೊಂದನ್ನೇ ನೋಡಿ ಕಳಿಸುವುದಲ್ಲ. ವೈದ್ಯರು ಮೊದಲು ನಿಮ್ಮ ಇತರ ಕಾಯಿಲೆಗಳು, ಸೇವಿಸುತ್ತಿರುವ ಔಷಧಿಗಳು, ಎಲೆ-ಅಡಿಕೆಯ ಅಭ್ಯಾಸ ಇವನ್ನು ಕೇಳುತ್ತಾರೆ. ಬಳಿಕ ತುಟಿ, ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆಯ ಅಂಚುಗಳು, ನಾಲಿಗೆಯ ಕೆಳಭಾಗ ಮತ್ತು ಕುತ್ತಿಗೆಯ ಗ್ರಂಥಿಗಳನ್ನು ಪರೀಕ್ಷಿಸುತ್ತಾರೆ. ಎರಡು ಹಲ್ಲುಗಳ ನಡುವೆ ಅಡಗಿರುವ ಹುಳುಕನ್ನು ಕಾಣಲು ಅಗತ್ಯವಿದ್ದರೆ ಎಕ್ಸ್-ರೇ ತೆಗೆಸುತ್ತಾರೆ.

ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ನಮ್ಮ ನಾಡಿನಲ್ಲಿ ಕೆನ್ನೆ ಮತ್ತು ನಾಲಿಗೆಯ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಹೊಗೆಸೊಪ್ಪು, ಗುಟ್ಕಾಗಳ ಅಪಾಯ ಎಲ್ಲರಿಗೂ ಗೊತ್ತು. ಬರಿಯ ಎಲೆ-ಅಡಿಕೆಯಿಂದ ತೊಂದರೆಯಿಲ್ಲವೆಂಬ ನಂಬಿಕೆ ಮಾತ್ರ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಚರ್ಮ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಖಾರ ತಿಂದರೆ ಬಾಯಿ ಉರಿಯುವುದು, ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟರೆ ಬಾಯಿಯೊಳಗೆ ಹೋಗದಿರುವುದು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ಬೇಗ ಪತ್ತೆಯಾದರೆ ಗುಣಪಡಿಸುವ ಅವಕಾಶ ಬಹಳ ಹೆಚ್ಚು.

ತಾಯಂದಿರಿಗೆ ಒಂದು ಮಾತು. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದನ್ನೂ ಬಿದ್ದುಹೋಗುವ ಹಲ್ಲೆಂದೇ ತಿಳಿಯುತ್ತೇವೆ. ಅದು ಶಾಶ್ವತ ಹಲ್ಲು. ಹುಳುಕಾಗಿ ಹೋದರೆ ಮತ್ತೆ ಬಾರದು. ಕೋಲಾರ, ಪಾವಗಡದಂತಹ ಕಡೆಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಕಲೆಗೆ ಕೊಳವೆಬಾವಿ ನೀರಿನ ಅತಿಯಾದ ಫ್ಲೋರೈಡ್ ಕಾರಣವಾಗಿರಬಹುದು. ಆ ಕಲೆ ಎಷ್ಟು ಉಜ್ಜಿದರೂ ಹೋಗದು. ಅದನ್ನು ಗುರುತಿಸಿದರೆ ಕುಡಿಯುವ ನೀರನ್ನು ಪರೀಕ್ಷಿಸಿ, ಚಿಕ್ಕ ಮಕ್ಕಳ ಹಲ್ಲನ್ನಾದರೂ ಕಾಪಾಡಬಹುದು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ತಪಾಸಣೆ? ಆರು ತಿಂಗಳು ಎಂಬುದು ರೂಢಿಯ ಮಾತು. ಎಲ್ಲರಿಗೂ ಅದೇ ಅಳತೆಯಲ್ಲ. ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2004ರಲ್ಲಿ, ವಯಸ್ಕರಿಗೆ ಅವರವರ ಅಪಾಯಕ್ಕೆ ತಕ್ಕಂತೆ 3 ತಿಂಗಳಿಂದ 24 ತಿಂಗಳವರೆಗೆ ಅಂತರವಿರಬಹುದೆಂದು ಸೂಚಿಸಿತು. ಮಕ್ಕಳಿಗೆ ವರ್ಷ ಮೀರಬಾರದು. ಸಕ್ಕರೆ ಕಾಯಿಲೆ, ವಸಡಿನ ರೋಗ, ಹೊಗೆಸೊಪ್ಪು ಅಥವಾ ಅಡಿಕೆಯ ಅಭ್ಯಾಸ ಇರುವವರು ಬೇಗಬೇಗ ಹೋಗಬೇಕು. ಮುಂದಿನ ಭೇಟಿ ಯಾವಾಗ ಎಂದು ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ಖರ್ಚಿಗೆ ಅಂಜಿ ಹಿಂಜರಿಯಬೇಡಿ. ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ದಂತ ವಿಭಾಗವಿದೆ. ಬೆಂಗಳೂರಿನ ಸರಕಾರಿ ದಂತ ಮಹಾವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ದೊರೆಯುತ್ತದೆ. ವೈದ್ಯರ ಮುಂದೆ ಕುಳಿತಾಗ ಸಂಕೋಚವಿಲ್ಲದೆ ಹೀಗೆ ಹೇಳಿ: “ಡಾಕ್ಟರೇ, ಈ ಹಲ್ಲನ್ನಷ್ಟೇ ಅಲ್ಲ, ಇಡೀ ಬಾಯನ್ನು ಒಮ್ಮೆ ನೋಡಿ.” ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಹಲ್ಲೆಲ್ಲ ಉದುರಿದ ಬಾಯಿಗೂ ತಪಾಸಣೆ ಬೇಕು.