ಸಾವಿರದಲ್ಲೊಬ್ಬ

ಸಂಜೆಯ ಹೊತ್ತಿನಲ್ಲಿ ಲೆಕ್ಕ ಕೊಡುತ್ತಿದ್ದೇನೆ, ಶ್ರೋತೃಗಳು ಮನ್ನಿಸಬೇಕು. ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಲೆಕ್ಕವಿದು. ಸಾವಿರ ಮಂದಿಯಲ್ಲಿ ಒಬ್ಬರಿಗಿರುವ ರೋಗವೊಂದುಂಟು. ಅದನ್ನು ಪತ್ತೆಹಚ್ಚುವ ಪರೀಕ್ಷೆಯು ರೋಗವಿಲ್ಲದವರಲ್ಲಿಯೂ ನೂರಕ್ಕೆ 5 ಮಂದಿಗೆ ‘ಇದೆ’ ಎಂದು ತಪ್ಪಾಗಿ ಹೇಳುತ್ತದೆ. ಯಾರೋ ಒಬ್ಬನಿಗೆ ‘ಇದೆ’ ಎಂದು ಬಂದಿತು. ಅವನ ಲಕ್ಷಣಗಳೇನೂ ನಮಗೆ ತಿಳಿಯವು. ಅವನಿಗೆ ನಿಜವಾಗಿ ರೋಗವಿರುವ ಸಂಭವವೆಷ್ಟು?

ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧನಾಸ್ಪತ್ರೆಗಳಲ್ಲಿ 60 ಮಂದಿಗೆ ಈ ಪ್ರಶ್ನೆ ಹಾಕಿದರು. 20 ಮಂದಿ ವಿದ್ಯಾರ್ಥಿಗಳು, ಉಳಿದ 40 ಮಂದಿ ವೈದ್ಯರೇ. 1978ರಲ್ಲಿ ಪ್ರಕಟವಾದ ವರದಿಯಂತೆ, ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ನೂರಕ್ಕೆ 95. ಸರಿಯುತ್ತರವೋ, ಸುಮಾರು 2! ಅದನ್ನು ಹೇಳಿದವರು 11 ಮಂದಿ.

ಸೂತ್ರ ಬೇಡ, ಜನರನ್ನೇ ಎಣಿಸೋಣ. ಸಾವಿರ ಮಂದಿಯಲ್ಲಿ ರೋಗಿ ಒಬ್ಬ. ಪರೀಕ್ಷೆ ಅವನನ್ನು ತಪ್ಪದೆ ಹಿಡಿಯಿತೆನ್ನಿ. ಮಿಕ್ಕ 999 ಮಂದಿಯಲ್ಲಿ ನೂರಕ್ಕೆ ಐದರಂತೆ ಸುಮಾರು 50 ಮಂದಿಗೂ ‘ಇದೆ’ ಎಂದೇ ಬರುತ್ತದೆ. ಹೀಗೆ ಹೇಳಿಸಿಕೊಂಡ 51 ಮಂದಿಯಲ್ಲಿ ರೋಗಿ ಒಬ್ಬನೇ. ವೈದ್ಯನು 95 ಎಂದು ನಂಬಿದ್ದರೆ, ಉಳಿದ ಐವತ್ತು ಮನೆಗಳಲ್ಲಿ ಅಂದಿನ ರಾತ್ರಿ ಹೇಗೆ ಕಳೆದೀತು?

ವೈದ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಚಿಕಿತ್ಸಾಲಯಕ್ಕೆ ಬರುವವನು ಬೀದಿಯಲ್ಲಿ ಹೋಗುತ್ತಿದ್ದವನಲ್ಲ. ನೋವು ಕಂಡು ಬಂದವನು. ವೈದ್ಯನು ಕೇಳಿ, ಮುಟ್ಟಿ ನೋಡಿ, ಹತ್ತರಲ್ಲಿ ಒಬ್ಬರಿಗೆ ಈ ರೋಗವಿರಬಹುದಾದ ಗುಂಪಿನವನೆಂದು ಅವನನ್ನು ಗುರುತಿಸಿದನೆನ್ನಿ. ಆಗ ಸಾವಿರಕ್ಕೆ ರೋಗಿಗಳು 100, ತಪ್ಪಾಗಿ ಸಿಕ್ಕಿದವರು 45. ಪರೀಕ್ಷೆ ಅದೇ, ಸಂಭವ ಮಾತ್ರ ನೂರಕ್ಕೆ ಸುಮಾರು 69.