ಬಾತಿನ ಮರಿಯ ಹಾಸು ಒಣಗಿರಲಿ

(ಗಟ ಕಚೇರಿಯ ಸಭಾಸದರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಕಬ್ಬಿನ ಲಾವಣಿ, ಗೊಬ್ಬರ, ನೀರು ಎಂದು ಮಾತಾಡುವ ಮನುಷ್ಯ ಇಂದು ಬಾತುಕೋಳಿಯ ವಿಷಯ ಎತ್ತಿದ್ದಾನಲ್ಲ ಎಂದು ತಮಗೆ ಸೋಜಿಗವಾದೀತು. ಕಾರಣ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಬೋರಿ ಹೊಳೆಯ ದಂಡೆಯ ನಮ್ಮ ಸಭಾಸದರೊಬ್ಬರ ಮನೆಯಲ್ಲಿ ಬಚತ್ ಗಟದ ಸಾಲದಿಂದ 40 ಬಾತಿನ ಮರಿ ತಂದರು. ಕೆಳಗೆ ಏನು ಹಾಸಬೇಕೆಂದು ಆ ಮನೆಯ ಅವ್ವನವರು ನನ್ನನ್ನು ಕೇಳಿದರು. “ಕಾರಖಾನೆಯ ಅಂಗಳದಲ್ಲಿ ಬಗ್ಯಾಸ್ ರಾಶಿ ಬಿದ್ದಿದೆ, ಎರಡು ಚೀಲ ಒಯ್ಯಿರಿ” ಎಂದುಬಿಟ್ಟೆ. ಹತ್ತು ದಿನಗಳಲ್ಲಿ 23 ಮರಿ ಸತ್ತವು.

ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಮನೆಯವರು ಥಂಡಿ ಎಂದು ತಿಳಿದು ಕಾವು ಹೆಚ್ಚಿಸಿದರು. ನಾನು ಹೋಗಿ ಹಾಸಿನೊಳಗೆ ಕೈ ಹಾಕಿದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಬೆಚ್ಚಗೆ, ಜಿಗುಟಾಗಿ, ಬೂಸಲು ವಾಸನೆ. ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು ತೋರಿಸಿದರು. ಪುಪ್ಪುಸದ ತುಂಬ ನವಣೆ ಕಾಳಿನಂಥ ಹಳದಿ ಗಂಟುಗಳು. ಅದು ಆಸ್ಪರ್ಜಿಲಸ್ ಎಂಬ ಬೂಸಲಿನ ರೋಗ. ಬ್ರೂಡರ್ ನ್ಯುಮೋನಿಯಾ ಎಂದೂ ಕರೆಯುತ್ತಾರೆ. ಬಂದ ಮೇಲೆ ಪ್ರಯೋಜನಕ್ಕೆ ಬರುವ ಔಷಧವಿಲ್ಲ. ಅವ್ವನವರು ನನಗೆ ಒಂದು ಮಾತೂ ಅನ್ನಲಿಲ್ಲ. ಸಾಲದ ಕಂತು ಮಾತ್ರ ಈಗಲೂ ತುಂಬುತ್ತಿದ್ದಾರೆ.

ಕೃಷಿ ಪದವಿ ಪಡೆದ ನನಗೆ ಇದು ತಿಳಿದಿರಬೇಕಿತ್ತು. ಗಾಣದಿಂದ ಬರುವ ಬಗ್ಯಾಸಿನಲ್ಲಿ ಸುಮಾರು ಅರ್ಧ ತೂಕ ನೀರೇ ಇರುತ್ತದೆ, ಜೊತೆಗೆ ಉಳಿದ ಸ್ವಲ್ಪ ಸಕ್ಕರೆ. ರಾಶಿ ಹಾಕಿದರೆ ಒಳಗೇ ಹುಳಿತು ಬಿಸಿಯಾಗುತ್ತದೆ. ಅದರ ಮೇಲೆ ಮಳೆ ಬಿದ್ದರೆ ಕೇಳಬೇಕೇ! ಬಗ್ಯಾಸ್ ಕೆಟ್ಟ ವಸ್ತುವಲ್ಲ. ತೆಳ್ಳಗೆ ಹರವಿ, ಎರಡು ಮೂರು ದಿನ ಕಡು ಬಿಸಿಲಿಗೆ ತಿರುವಿ ಹಾಕಿ ಒಣಗಿಸಿದರೆ ನೀರನ್ನು ಚೆನ್ನಾಗಿ ಹೀರುತ್ತದೆ. ಮಳೆಗಾಲದಲ್ಲಿ ಅದರ ಆಸೆ ಬಿಡಿರಿ. ರವದಿ ಸುಡಬೇಡಿರಿ ಎಂದು ನಾನು ಹೇಳುವುದನ್ನು ಕೇಳಿ ಕೇಳಿ ತಮಗೆ ಬೇಸರ ಬಂದಿರಬಹುದು. ಆದರೆ ಮಳೆ ಕಾಣದ ಒಣ ರವದಿಯನ್ನು ಎರಡು ಅಂಗುಲದ ತುಂಡು ಮಾಡಿಟ್ಟುಕೊಂಡರೆ ಅದೂ ಹಾಸಾಗುತ್ತದೆ. ಭತ್ತದ ಹೊಟ್ಟು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಯಾವುದೇ ಇರಲಿ, ಎರಡರಿಂದ ಮೂರು ಅಂಗುಲ ದಪ್ಪ ಹಾಸಿ ದಿನಾಲು ಕೆದರಬೇಕು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿರಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಹಾಸು ಹಸಿಯಾಗಿದೆ. ಬೆಳಿಗ್ಗೆ ಗೂಡಿಗೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಅಮೋನಿಯಾ ಹುಟ್ಟಿದೆ ಎಂದು ತಿಳಿಯಿರಿ. ನೆಲದ ಮಟ್ಟದಲ್ಲಿ ಉಸಿರಾಡುವ ಮರಿಗೆ ಅದು ಎಷ್ಟು ಉರಿಯಬೇಡ?

ಕೋಳಿ ಸಾಕಿದವರು ಬಾತಿನಲ್ಲಿ ಮೋಸ ಹೋಗುವುದು ಇಲ್ಲಿಯೇ. ಕೋಳಿಮರಿ ನೀರನ್ನು ಕುಕ್ಕಿ ಕುಡಿಯುತ್ತದೆ. ಬಾತಿನ ಮರಿ ಕೊಕ್ಕು ಮುಳುಗಿಸಿ, ತಲೆ ಕೊಡವಿ, ಸುತ್ತಲೆಲ್ಲ ಸಿಡಿಸುತ್ತದೆ. ಹಿಕ್ಕೆಯೂ ನೀರು ನೀರು. ಹಾಗೆಂದು ನೀರು ಕಡಿಮೆ ಮಾಡಲಾಗದು. ಮೂಗಿನ ತೂತು ತೊಳೆದುಕೊಳ್ಳಲು ಕೊಕ್ಕು ಮುಳುಗಲೇಬೇಕು, ಮೇವು ತಿನ್ನುವಾಗ ಪಕ್ಕದಲ್ಲಿ ನೀರಿಲ್ಲದಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನೀರಿನ ಆಳ ಎರಡರಿಂದ ಮೂರು ಅಂಗುಲ ಇರಲಿ, ಮರಿ ಒಳಗೆ ಇಳಿಯದಷ್ಟು ಬಾಯಿ ಕಿರಿದಾಗಿರಲಿ. ಪಾತ್ರೆಯನ್ನು ಹಾಸಿನ ಮೇಲೆ ಇಡಲೇಬಾರದು. ಗೂಡಿನ ಒಂದು ಮೂಲೆಯಲ್ಲಿ, ಕಾವಿನಿಂದ ದೂರ, ಒಂದು ತಗಡಿನ ತಟ್ಟೆ ಅಥವಾ ಆಳವಿಲ್ಲದ ಗುಂಡಿ ಮಾಡಿ, ಮೇಲೆ ಕಟ್ಟಿಗೆಯ ಚೌಕಟ್ಟಿಗೆ ಅರ್ಧ ಅಂಗುಲದ ಜಾಳಿಗೆ ಬಡಿದು ಇಡಿರಿ. ಪಾತ್ರೆ ಜಾಳಿಗೆಯ ಮೇಲೆ. ಚೆಲ್ಲಿದ್ದೆಲ್ಲ ಕೆಳಗೆ ಇಳಿಯುತ್ತದೆ. ತಟ್ಟೆಯನ್ನು ದಿನಕ್ಕೆರಡು ಸಲ ಚೆಲ್ಲಿರಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

“ಬಾತು ನೀರಿನ ಹಕ್ಕಿ, ನೆನೆದರೇನು?” ಎಂದು ಕೇಳುವವರಿದ್ದಾರೆ. ತಾಯಿಯ ಮಡಿಲಲ್ಲಿ ಬೆಳೆದ ಮರಿಗೆ ತಾಯಿಯ ಪುಕ್ಕದ ಎಣ್ಣೆ ತಗಲುತ್ತದೆ. ಯಂತ್ರದಲ್ಲಿ ಅಥವಾ ಕೋಳಿಯ ಕೆಳಗೆ ಒಡೆದ ಮರಿಗೆ ಆ ಭಾಗ್ಯವಿಲ್ಲ. ಅದರ ನೂಲಿನಂಥ ತುಪ್ಪಳ ನೆನೆದರೆ ಮೈ ತಣ್ಣಗಾಗಿ ಸಾಯುತ್ತದೆ. ನೆನೆದ ಮರಿ ಕಂಡರೆ ಒಣ ಅರಿವೆಯಿಂದ ಒರಸಿ ಕಾವಿನ ಕೆಳಗೆ ಬಿಡಿರಿ. ಗರಿ ಮೂಡುವ ತನಕ ಹಳ್ಳ, ಹೊಂಡ, ಕಾಲುವೆ ಬೇಡ.

ಕಾವಿನ ಲೆಕ್ಕ ಸುಲಭ. ಮೊದಲ ವಾರ ಮರಿಯ ಮಟ್ಟದಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ನಾಲ್ಕನೇ ವಾರಕ್ಕೆ 24. ಕಾವಿನ ಕೊಡೆಯ ಕೆಳಗೆ ಮರಿಯೊಂದಕ್ಕೆ 100 ಚದರ ಸೆಂಟಿಮೀಟರ್ ಜಾಗ ಸಾಕು. ಈಗಿನ ಎಲ್‌ಇಡಿ ದೀಪ ನಂಬಬೇಡಿರಿ, ಅದರಲ್ಲಿ ಬೆಳಕು ಉಂಟು, ಕಾವಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು. ಕರೆಂಟು ಹೋದರೆ ಇದ್ದಿಲಿನ ಶೇಗಡಿ, ಸುತ್ತ ಜಾಳಿಗೆ ಕಟ್ಟಿ, ಹೊಗೆ ಹೋಗಲು ದಾರಿ ಬಿಟ್ಟು. ಗಾಳಿ ತಡೆಯಲೆಂದು ಗೂಡಿಗೆ ಸುತ್ತಲೂ ತಟ್ಟು ಬಿಗಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಮೇಲುಗಡೆ ಒಂದು ಗೇಣು ತೆರೆದಿರಲಿ.

ತೇವದ ಮಾತು ಹಾಸಿಗೆ ಮುಗಿಯುವುದಿಲ್ಲ, ಮೇವಿಗೂ ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳೂ ಅವುಗಳ ಜೊತೆಗೆ ಬಾತಿನ ಮರಿಗಳೂ ಸತ್ತವು. ಹುಡುಕಿದಾಗ ಬೂಸಲು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಈ ವಿಷಕ್ಕೆ ಬಾತಿನ ಮರಿ ಎಷ್ಟು ಬೇಗ ಬಲಿಯಾಗುತ್ತದೆಂದರೆ, ವಿಷವನ್ನು ಪರೀಕ್ಷಿಸಲು ವಿಜ್ಞಾನಿಗಳು ಒಂದು ದಿನದ ಬಾತಿನ ಮರಿಯನ್ನೇ ಬಳಸುತ್ತಿದ್ದರು. ನಮ್ಮ ಕಡೆ ಪ್ರತಿ ಮನೆಯಲ್ಲಿ ಶೇಂಗಾ ಹಿಂಡಿ ಇದೆ. ನೆನೆದ ಹಿಂಡಿಯನ್ನು ಒಣಗಿಸಿ ಹಾಕಿದರೂ ವಿಷ ಹೋಗದು, ಬಿಸಾಡಿರಿ. ಕಲಸಿದ ಮೇವು ಉಳಿದರೆ ಅದನ್ನೂ ಆಯಾ ಹೊತ್ತಿಗೇ ತೆಗೆಯಿರಿ. ತೆಗೆದ ಹಾಸು ಮಾತ್ರ ಎಸೆಯಬೇಡಿರಿ, ತಿಪ್ಪೆಯಲ್ಲಿ ಕೊಳೆಸಿದರೆ ಕುಳೆ ಕಬ್ಬಿಗೆ ಒಳ್ಳೆಯ ಗೊಬ್ಬರ.

ಆ ಅವ್ವನವರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಉಳಿದ 17ರಲ್ಲಿ ಹೆಣ್ಣು ಬಾತುಗಳು ಈಗ ಮೊಟ್ಟೆ ಇಡುತ್ತಿವೆ. ದೀಪಾವಳಿ ಆದ ಮೇಲೆ ಮತ್ತೆ 25 ಮರಿ ತರುವವರಿದ್ದಾರೆ. ಈ ಸಲ ಹಾಸನ್ನು ನಾನೇ ಬಂದು ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಜಾಳಿಗೆಯ ಚೌಕಟ್ಟಿನ ಒಂದು ಮಾದರಿ ಗಟ ಕಚೇರಿಯ ಪಡಸಾಲೆಯಲ್ಲಿದೆ. ಹೋಗುವಾಗ ನೋಡಿಕೊಂಡು ಹೋಗಿರಿ.